ಗುರುವಿನ ಋಣ, ಶಿಷ್ಯನ ರೇಖೆ

ವಿದ್ಯೆ ಕೊಟ್ಟವರ ಋಣವನ್ನು ತೀರಿಸುವ ಬಗೆ ಯಾವುದು? ಗುರು ಬರೆದಂತೆಯೇ ಬರೆಯುವುದು ಕೃತಜ್ಞತೆಯೇ? ಅವರ ದಾರಿಯನ್ನು ಬಿಟ್ಟು ನಡೆಯುವುದು ದ್ರೋಹವೇ? ಚಿತ್ರ-ಶಿಲ್ಪಗಳಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವವರಿಗೆ ಇದು ನಿತ್ಯದ ಪ್ರಶ್ನೆ. ಪದವಿ ತರಗತಿಯಲ್ಲಿ ವಿಷಯವನ್ನೂ ಅಳತೆಯನ್ನೂ ಅಧ್ಯಾಪಕರೇ ಗೊತ್ತುಮಾಡಿಕೊಡುತ್ತಾರೆ. ಮುಂದಿನ ಎರಡು ವರ್ಷಗಳಲ್ಲಿ ಕೆಲಸದ ಜಾಗ, ಕಾಲಾವಕಾಶ, ಹಿರಿಯರ ವಿಮರ್ಶೆ ದೊರೆಯುತ್ತವೆ. ಏನನ್ನು ಮಾಡಬೇಕೆಂಬುದನ್ನು ಮಾತ್ರ ವಿದ್ಯಾರ್ಥಿಯೇ ಕಂಡುಕೊಳ್ಳಬೇಕು.

ಈ ಸ್ವಾತಂತ್ರ್ಯವು ಪ್ರಲೋಭನೆಯನ್ನೂ ಜೊತೆಗೆ ತರುತ್ತದೆ. ಅಂಕ ಕೊಡುವವರ ಕಣ್ಣಿಗೆ ಹಿತವಾದುದನ್ನು, ಪ್ರದರ್ಶನದಲ್ಲಿ ಬೇಗ ಮಾರಾಟವಾಗುವುದನ್ನು ಮಾಡಿ ಮುಗಿಸುವುದು ಸುಲಭ. ಇದು ಕಾನೂನಿನ ಕಣ್ಣಿಗೆ ಕಳವಲ್ಲ. ಆದರೆ ಕೆಳಗೆ ತನ್ನ ಸಹಿ, ಮೇಲೆ ಮತ್ತೊಬ್ಬರ ದೃಷ್ಟಿ ಎಂದಾದಾಗ, ಸಾಲವಾಗಿ ತಂದ ಸರಕನ್ನು ಸ್ವಂತ ದಾಸ್ತಾನೆಂದು ಲೆಕ್ಕದ ಪುಸ್ತಕದಲ್ಲಿ ಬರೆದಂತಾಗುತ್ತದೆ.

ಶಾಂತಿನಿಕೇತನದ ಕಲಾಭವನದ ಇತಿಹಾಸ ಇಲ್ಲಿ ಬೆಳಕು ನೀಡುತ್ತದೆ. 1919ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ಇಂದಿನಂತಹ ಸ್ನಾತಕೋತ್ತರ ತರಗತಿ ಆಗ ಇರಲಿಲ್ಲವಾದರೂ ಪ್ರಶ್ನೆ ಇದೇ ಆಗಿತ್ತು. ದಶಕಗಳ ಕಾಲ ಅದರ ಮುಖ್ಯಸ್ಥರಾಗಿದ್ದ ನಂದಲಾಲ್ ಬೋಸರು ಅವನೀಂದ್ರನಾಥ ಠಾಕೂರರ ಶಿಷ್ಯರು. ಗುರುವಿನ ತೆಳುವರ್ಣದ ಶೈಲಿಗಷ್ಟೇ ಅವರು ತಮ್ಮನ್ನು ಕಟ್ಟಿಹಾಕಿಕೊಳ್ಳಲಿಲ್ಲ; ತಮ್ಮ ಶಿಷ್ಯರನ್ನೂ ಕಟ್ಟಿಹಾಕಲಿಲ್ಲ. ಅವರ ಶಿಷ್ಯ ರಾಮಕಿಂಕರ ಬೈಜರು 1938ರಲ್ಲಿ ಸಿಮೆಂಟಿಗೆ ಕೆಂಪು ಮುರಕಲ್ಲಿನ ಹರಳನ್ನು ಬೆರೆಸಿ, ನಡೆದು ಸಾಗುವ ಸಂಥಾಲ ಕುಟುಂಬವೊಂದನ್ನು ಬಯಲಿನಲ್ಲಿ ನಿಲ್ಲಿಸಿದರು. ಮತ್ತೊಬ್ಬ ಶಿಷ್ಯ ವಿನೋದಬಿಹಾರಿ ಮುಖರ್ಜಿಯವರು 1947ರಲ್ಲಿ ಹಿಂದಿ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಬದುಕನ್ನು ಚಿತ್ರಿಸಿದರು. ಇವೆರಡರಲ್ಲಿ ಯಾವುದೂ ಗುರುವಿನ ಪಡಿಯಚ್ಚಲ್ಲ. ಆದರೂ ಇಬ್ಬರೂ ಗುರುವಿನ ಜೊತೆಯಲ್ಲಿ ಅದೇ ಕಲಾಭವನದಲ್ಲಿ ಅಧ್ಯಾಪಕರಾಗಿದ್ದರು.

ಈ ಮೂವರ ಬಳಿಯಲ್ಲೂ 1944ರಿಂದ 1948ರವರೆಗೆ ಕಲಿತವರು ಕೆ.ಜಿ. ಸುಬ್ರಮಣ್ಯನ್. ವಿನೋದಬಿಹಾರಿಯವರ ಭಿತ್ತಿಚಿತ್ರದ ಕೆಲಸಕ್ಕೆ ಕೈಜೋಡಿಸಿದ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರು. ಮುಂದೆ ಬರೋಡದ ಲಲಿತಕಲಾ ವಿಭಾಗದಲ್ಲಿ ಅಧ್ಯಾಪಕರಾದರು. ನೇಯ್ಗೆ, ಆಟಿಕೆ, ಗಾಜಿನ ಮೇಲಿನ ಚಿತ್ರ, ಸುಟ್ಟಮಣ್ಣು ಎಲ್ಲದರಲ್ಲೂ ಕೈಯಾಡಿಸಿದರು. 1963ರಲ್ಲಿ ಲಖನೌದ ರವೀಂದ್ರಾಲಯಕ್ಕೆ ಸುಟ್ಟಮಣ್ಣಿನ ಬಿಲ್ಲೆಗಳಿಂದ ರಚಿಸಿದ ಭಿತ್ತಿಯಲ್ಲಿ ಗುರುಗಳ ಶೈಲಿಯ ನಕಲಿಲ್ಲ. ಸ್ಥಳವನ್ನೂ ವಸ್ತುವನ್ನೂ ಅರಿತು ಕೆಲಸ ಮಾಡಬೇಕೆಂಬ ಅವರ ಪಾಠವಿದೆ.

ಆದುದರಿಂದ ಸ್ವಂತಿಕೆಯೆಂದರೆ ಸ್ವೇಚ್ಛೆಯಲ್ಲ. ಗುರುವಿನ ಪಕ್ಕದಲ್ಲಿ ನಿಂತು ಗಾರೆ ಕಲಸದವನಿಗೆ ಗುರುವಿನಿಂದ ಬೇರೆಯಾಗುವ ಅರ್ಹತೆಯೂ ಬಾರದು. ಯಾವುದನ್ನು ಯಾರಿಂದ ಪಡೆದೆನೆಂಬುದನ್ನು ವಿದ್ಯಾರ್ಥಿ ಮೊದಲು ಪ್ರಾಮಾಣಿಕವಾಗಿ ಗುರುತಿಸಿಕೊಳ್ಳಬೇಕು. ಕೆಟ್ಟುಹೋದ ಕೆಲಸವನ್ನು ಬಚ್ಚಿಡದೆ ಎದುರಿಗಿಟ್ಟುಕೊಳ್ಳಬೇಕು. ಯಾರೂ ನೋಡಲು ಬಾರದ ದಿನವೂ ಗೊತ್ತಾದ ವೇಳೆಗೆ ಕೆಲಸಕ್ಕೆ ಕೂಡಬೇಕು. ಪದವಿ ಮುಗಿದ ಮರುದಿನ ಕಾಲೇಜಿನ ಕೊಠಡಿಯೂ ಇರದು, ವಿಮರ್ಶಿಸುವ ಹಿರಿಯರೂ ಇರರು. ಆಗ ಉಳಿಯುವುದು ಈ ಅಭ್ಯಾಸವೊಂದೇ.

ಇದರಲ್ಲಿ ಮನೆಯವರ ಹೊಣೆಯೂ ಇದೆ. ಮಗನಾಗಲಿ ಮಗಳಾಗಲಿ ಕಲೆಯನ್ನು ಆರಿಸಿಕೊಂಡಾಗ, ಖರ್ಚು ಮಾಡುವ ತಂದೆತಾಯಿಗಳಿಗೂ ವಿದ್ಯಾರ್ಥಿವೇತನ ಕೊಡುವ ಟ್ರಸ್ಟುಗಳಿಗೂ ಲೆಕ್ಕ ಕೇಳುವ ಹಕ್ಕುಂಟು. ಆದರೆ ಎಷ್ಟು ಚಿತ್ರ ಮಾರಾಟವಾಯಿತು, ಯಾವ ಬಹುಮಾನ ಬಂತು ಎಂದು ಎರಡೇ ವರ್ಷದಲ್ಲಿ ಕೇಳಿದರೆ, ಎಳೆಯ ಮನಸ್ಸನ್ನು ನಕಲಿಗೆ ದೂಡಿದಂತೆಯೇ ಸರಿ. ನಿನ್ನೆ ತಿಳಿಯದ ಯಾವುದನ್ನು ಇಂದು ತಿಳಿದೆ, ಸುಲಭವೆಂದು ಹಿಡಿದಿದ್ದ ಯಾವುದನ್ನು ಬಿಟ್ಟೆ ಎಂದು ಕೇಳುವುದು ಉಚಿತ. ಪಡೆದ ಮೂಲಧನವನ್ನು ಪೆಟ್ಟಿಗೆಯಲ್ಲಿ ಹಾಗೆಯೇ ಕಾಯ್ದಿಟ್ಟವನಿಗಿಂತ, ಅದನ್ನು ದುಡಿಸಿ ಬೆಳೆಸಿದವನೇ ಕೊಟ್ಟವರ ಹೆಸರನ್ನು ಉಳಿಸುತ್ತಾನೆ.