ಬರದ ವರ್ಷದ ಓದು

ಮುಂಗಾರು ಕೈಕೊಟ್ಟರೆ ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹಿರಿಯರು ವಿರಾಟಪರ್ವ ಓದಿಸುತ್ತಿದ್ದರು. ಗುಡಿಯ ಜಗಲಿಯಲ್ಲಿ ದೀಪ ಹಚ್ಚಿ, ವ್ಯಾಸಪೀಠದ ಮೇಲೆ ಕುಮಾರವ್ಯಾಸ ಭಾರತ ಇಟ್ಟು, ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಅಕ್ಷರ ಬಾರದವರು ಕಂಬಕ್ಕೊರಗಿ ಕೂತು ಕೇಳುವುದು. ವಿರಾಟಪರ್ವ ಓದಿದರೆ ಮಳೆಯಾಗುತ್ತದೆ ಎಂಬ ನಂಬಿಕೆ ಇಂದಿಗೂ ಪೂರ್ತಿ ಅಳಿದಿಲ್ಲ. ಅದರ ಬೇರು ಕಥೆಯೊಳಗೇ ಇದೆ. ಅಜ್ಞಾತವಾಸದಲ್ಲಿರುವ ಪಾಂಡವರನ್ನು ಪತ್ತೆಹಚ್ಚಲು ಕೌರವರು ಹೊರಟಾಗ ಭೀಷ್ಮ ಕೊಡುವ ಗುರುತುಗಳಲ್ಲಿ ಇದೂ ಒಂದು: ಧರ್ಮರಾಯ ಇರುವ ನಾಡಿನಲ್ಲಿ ಕಾಲಕಾಲಕ್ಕೆ ಮಳೆ ಬೀಳುತ್ತದೆ, ಬೆಳೆ ಹುಲುಸಾಗಿರುತ್ತದೆ.

ಓದಿದ್ದಕ್ಕೆ ಮಳೆ ಬಂತೋ ಇಲ್ಲವೋ, ಆ ವಾದ ಹಾಗಿರಲಿ. ಬರದಲ್ಲಿ ಕೂತ ಜನ ಆರಿಸಿಕೊಂಡ ಕಥೆ ಯಾವುದು ನೋಡಿ. ಚಕ್ರವರ್ತಿ ಇನ್ನೊಬ್ಬ ಅರಸನಿಗೆ ಪಗಡೆಯ ಜೊತೆಗಾರನಾಗುತ್ತಾನೆ. ಭೀಮ ಸೌಟು ಹಿಡಿಯುತ್ತಾನೆ, ಅರ್ಜುನ ಬೃಹನ್ನಳೆಯಾಗಿ ಕುಣಿತ ಕಲಿಸುತ್ತಾನೆ, ದ್ರೌಪದಿ ರಾಣಿಯ ತಲೆ ಬಾಚುತ್ತಾಳೆ. ಮನೆಯಲ್ಲಿ ರಾಗಿ ತಳ ಕಂಡು, ಕೂಲಿ ಹುಡುಕಿಕೊಂಡು ಗುರುತಿಲ್ಲದ ಊರಿಗೆ ಹೋಗಬೇಕಾದವನಿಗೆ ಇದಕ್ಕಿಂತ ಹತ್ತಿರದ ಕಥೆ ಯಾವುದಿದ್ದೀತು? ಅಂಥ ವರ್ಷಕ್ಕೂ ಒಂದು ಕೊನೆಯಿದೆ ಎಂಬುದನ್ನೂ ಅದೇ ಪರ್ವ ಹೇಳುತ್ತದೆ. ಮಳೆ ಬಾರದೆ ಹೋದರೂ ಕೇಳಿದವರು ಬರಿಗೈಲಿ ಎದ್ದು ಹೋಗಿರಲಾರರು.

ಆದರೆ ಜಗಲಿಯ ಮೇಲೆ ಎಲ್ಲರಿಗೂ ಜಾಗವಿರಲಿಲ್ಲ ಎಂಬುದನ್ನು ಮರೆತು ಈ ಮಾತನ್ನು ಮುಂದುವರಿಸುವಂತಿಲ್ಲ. ಅಕ್ಷರ ಕೈಗೆ ಸಿಗದಂತೆ ನೋಡಿಕೊಂಡ ಸಮಾಜದಲ್ಲಿ ಕೆಳಗಿನ ಕೇರಿಗಳಿಗೆ ಧೈರ್ಯ ಹೇಳಿದ್ದು ತಂಬೂರಿ ಹಿಡಿದ ನೀಲಗಾರರು, ಕಂಸಾಳೆ ಹಿಡಿದ ದೇವರಗುಡ್ಡರು. ಮಂಟೇಸ್ವಾಮಿಯ ಕಥೆ, ಮಲೆ ಮಾದೇಶ್ವರನ ಕಥೆ ಇಡೀ ರಾತ್ರಿ ಹಾಡಿದರೂ ಮುಗಿಯದಷ್ಟು ದೊಡ್ಡವು. ಒಂದೊಂದು ಕಂಠವೂ ಒಂದೊಂದು ಪುಸ್ತಕ ಭಂಡಾರವಾಗಿತ್ತು ಎಂದರೆ ಚಾಮರಾಜನಗರ ಸೀಮೆಯಲ್ಲಿ ಅದು ಉತ್ಪ್ರೇಕ್ಷೆಯಲ್ಲ.

ಹಾಗಾದರೆ ಕಷ್ಟ ಬಂದಾಗ ಪುಸ್ತಕ ಮಾಡುವುದೇನು? ಇದಕ್ಕೆ ಲೆಕ್ಕಾಚಾರದ ಉತ್ತರ ಕೊಟ್ಟವರು ಜೈನರು. ಅವರು ಹೇಳುವ ದಾನಗಳು ನಾಲ್ಕು: ಆಹಾರ, ಅಭಯ, ಔಷಧ, ಶಾಸ್ತ್ರ. ಹಸಿದವನಿಗೆ ಅನ್ನ, ಹೆದರಿದವನಿಗೆ ರಕ್ಷೆ, ರೋಗಿಗೆ ಮದ್ದು. ಅದೇ ಸಾಲಿನಲ್ಲಿ, ಅದೇ ತೂಕದಲ್ಲಿ, ಪುಸ್ತಕ.

ಈ ವಿಚಾರಕ್ಕೆ ಚಾಮರಾಜನಗರ ಹೊರಗಿನದಲ್ಲ. ಅದೇ ತಾಲ್ಲೂಕಿನಲ್ಲಿ ಮಲೆಯೂರಿನ ಕನಕಗಿರಿ ಇದೆ, ಹಳೆಯ ಜೈನ ಕ್ಷೇತ್ರ. ವ್ಯಾಕರಣಕಾರ ಪೂಜ್ಯಪಾದರು ತಪಸ್ಸು ಮಾಡಿದ ಬೆಟ್ಟ ಅದು ಎಂಬುದು ಐತಿಹ್ಯ. 'ರಾಜಾವಳಿ ಕಥೆ' ಬರೆದ ದೇವಚಂದ್ರ 19ನೇ ಶತಮಾನದಲ್ಲಿ ಬಾಳಿದ್ದು ಅಲ್ಲೇ.

ಶಾಸ್ತ್ರದಾನ ಎಂದಾಕ್ಷಣ ಕನ್ನಡಿಗರಿಗೆ ನೆನಪಾಗುವವಳು ಅತ್ತಿಮಬ್ಬೆ. 10ನೇ ಶತಮಾನದ ಚಾಲುಕ್ಯ ನಾಡಿನವಳು. ಗಂಡ ನಾಗದೇವ ಯುದ್ಧದಲ್ಲಿ ತೀರಿಕೊಂಡ. ಅವನ ಇನ್ನೊಬ್ಬ ಹೆಂಡತಿ, ಇವಳ ಸ್ವಂತ ತಂಗಿ ಗುಂಡಮಬ್ಬೆ, ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನನ್ನು ಸಾಕಿಕೊಂಡು ಉಳಿದಳು. ಉಳಿದು ಪೊನ್ನನ 'ಶಾಂತಿಪುರಾಣ'ದ ಒಂದು ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಅವಳ ಆಶ್ರಯದಲ್ಲೇ ರನ್ನ 993ರಲ್ಲಿ 'ಅಜಿತಪುರಾಣ' ಮುಗಿಸಿದ.

ಸಾವಿರ ಪ್ರತಿ ಎಂದರೆ ಇಂದು ಯಾವುದೇ ಪ್ರಕಾಶಕರ ಒಂದು ಸಾಧಾರಣ ಮುದ್ರಣ. ಅಂದು ಹಾಗಲ್ಲ. ಓಲೆಗರಿ ಕೊಯ್ದು, ಒಣಗಿಸಿ, ಹದ ಮಾಡಿ, ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಟದಿಂದ ಒಂದೊಂದೇ ಅಕ್ಷರ ಕೊರೆದು, ಕೊರೆದದ್ದು ಕಾಣುವಂತೆ ಮಸಿ ಸವರಿ, ತೂತಿನಲ್ಲಿ ದಾರ ಪೋಣಿಸಿ ಕಟ್ಟಬೇಕು. ಒಂದು ಪ್ರತಿಗೇ ಇಷ್ಟು. ಇದನ್ನು ಸಾವಿರ ಸಲ ಮಾಡಿಸಿದವಳನ್ನು ನಾಡು ದಾನಚಿಂತಾಮಣಿ ಎಂದು ಕರೆದದ್ದರಲ್ಲಿ ಆಶ್ಚರ್ಯವಿಲ್ಲ. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿ ಈಗಲೂ ನಿಂತಿದೆ. ಆದರೂ ಕಲ್ಲಿನ ಕಟ್ಟಡಕ್ಕಿಂತ ಕೈಯಿಂದ ಕೈಗೆ ಹೋದ ಆ ಓಲೆಕಟ್ಟುಗಳೇ ದೊಡ್ಡ ಕೆಲಸ.

ಇದೇ ಜೈನ ಪರಂಪರೆ ಇನ್ನೊಂದು ತುದಿಯನ್ನೂ ತೋರಿಸುತ್ತದೆ. 'ಷಟ್ಖಂಡಾಗಮ' ಎಂಬ ಜೈನ ಆಗಮಕ್ಕೆ ಬರೆದ 'ಧವಳಾ' ಟೀಕೆಯ ಓಲೆಗರಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಭಕ್ತರು ದೂರದೂರದಿಂದ ಬಂದು ದರ್ಶನ ಮಾಡಿ, ಕೈಮುಗಿದು ಹೋಗುತ್ತಿದ್ದರು. ಓದುವವರಿರಲಿಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೆ ಪ್ರತಿ ಮಾಡುವ ಕೆಲಸ ಶುರುವಾಯಿತು. ಅಚ್ಚಿನಲ್ಲಿ ಮೊದಲ ಸಂಪುಟ ಬಂದದ್ದು 1939ರಲ್ಲಿ. ಕಾಪಾಡಿದ್ದಕ್ಕೆ ಬಸದಿಗೆ ನಮಸ್ಕಾರ ಸಲ್ಲಲೇಬೇಕು, ಅಲ್ಲದಿದ್ದರೆ ಗ್ರಂಥವೇ ಉಳಿಯುತ್ತಿರಲಿಲ್ಲ. ಆದರೆ ಪೂಜೆಗೊಳ್ಳುವ ಪುಸ್ತಕ ಯಾರ ಕಷ್ಟಕ್ಕೂ ಒದಗುವುದಿಲ್ಲ. ನವರಾತ್ರಿಯಲ್ಲಿ ಸರಸ್ವತಿಯ ಮುಂದೆ ಪುಸ್ತಕ ಇಟ್ಟ ದಿನ ಓದಬಾರದು ಎಂಬ ನಿಯಮ ಮಕ್ಕಳಿಗೆ ಅಷ್ಟು ಇಷ್ಟವಾಗುವುದು ಸುಮ್ಮನೆಯಲ್ಲ!

ಪೂಜೆಗಿಂತ ದಾನವನ್ನು ಆರಿಸಿಕೊಂಡವರು ಇಂದಿಗೂ ಇದ್ದಾರೆ. ಮೈಸೂರಿನ ರಾಜೀವನಗರದ ಸಯ್ಯದ್ ಇಸಾಕ್ ಶಾಲೆಯ ಮುಖ ಕಾಣದ ಕೂಲಿ ಕಾರ್ಮಿಕ. ತಮಗೆ ಸಿಗದ ಓದು ಬಡಾವಣೆಯವರಿಗಾದರೂ ಸಿಗಲಿ ಎಂದು 2011ರಲ್ಲಿ ಉದ್ಯಾನದ ಮೂಲೆಯೊಂದರಲ್ಲಿ ಗ್ರಂಥಾಲಯ ತೆರೆದರು. ಅಲ್ಲಿದ್ದ ಸುಮಾರು 11,000 ಪುಸ್ತಕಗಳಲ್ಲಿ ಬಹುಪಾಲು ಕನ್ನಡದವು. ಭಗವದ್ಗೀತೆ, ಕುರಾನ್, ಬೈಬಲ್ ಒಂದೇ ಸೂರಿನಡಿ ಇದ್ದವು. ದಿನಪತ್ರಿಕೆಗಳಿಗೆ ಅವರೇ ಕೈಯಿಂದ ಹಣ ಹಾಕುತ್ತಿದ್ದರು. 2021ರ ಏಪ್ರಿಲ್ 9ರ ಬೆಳಗಿನ ಜಾವ ಬೆಂಕಿ ಬಿದ್ದು ಎಲ್ಲವೂ ಬೂದಿಯಾಯಿತು. ಸುದ್ದಿ ಹರಡಿದಂತೆ ಎಲ್ಲೆಲ್ಲಿಂದಲೋ ಪುಸ್ತಕ, ಹಣ ಬರತೊಡಗಿತು. ಇಸಾಕ್ ಅದೇ ಜಾಗದಲ್ಲಿ ಮತ್ತೆ ಕಟ್ಟುತ್ತೇನೆಂದು ನಿಂತರು. ಅತ್ತಿಮಬ್ಬೆಗೆ ಸಂಪತ್ತಿತ್ತು, ಇವರಿಗೆ ದಿನಗೂಲಿ. ಕೊಟ್ಟದ್ದು ಒಂದೇ.

ಪುಸ್ತಕದ ಹೊಗಳಿಕೆ ಎಲ್ಲಿ ನಿಲ್ಲಬೇಕು ಎಂಬುದನ್ನೂ ಅದೇ ವರ್ಷ ಕಲಿಸಿತು. ಕೊರೊನಾದ ಮೊದಲ ಅಲೆಯಲ್ಲಿ, 2020ರ ಜೂನ್‌ವರೆಗೆ, ಒಂದೂ ಪ್ರಕರಣವಿಲ್ಲದೆ ಹಸಿರು ವಲಯ ಎನಿಸಿಕೊಂಡಿದ್ದ ಜಿಲ್ಲೆ ಚಾಮರಾಜನಗರ. 2021ರ ಮೇ 2 ಮತ್ತು 3ರ ನಡುವೆ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ, ಆಮ್ಲಜನಕದ ಕೊರತೆಯ ನಡುವೆ, 24 ರೋಗಿಗಳು ತೀರಿಕೊಂಡರು. ಅಂಥ ರಾತ್ರಿ ಸಿಲಿಂಡರ್ ಬೇಕು, ಪುಸ್ತಕವಲ್ಲ. ಔಷಧದಾನದ ಜಾಗದಲ್ಲಿ ಶಾಸ್ತ್ರದಾನವನ್ನು ಕೂರಿಸುವುದು ಕ್ರೌರ್ಯ. ಜೈನರು ನಾಲ್ಕನ್ನು ಬೇರೆಬೇರೆಯಾಗಿ ಎಣಿಸಿದ್ದು ಇದಕ್ಕೇ ಇರಬೇಕು: ಒಂದನ್ನು ಕೊಟ್ಟು ಇನ್ನೊಂದರಿಂದ ತಪ್ಪಿಸಿಕೊಳ್ಳುವಂತಿಲ್ಲ.

ತಪ್ಪಿಸಿಕೊಳ್ಳಬಾರದು ಎಂಬ ಮಾತು ಮಕ್ಕಳ ವಿಷಯದಲ್ಲೂ ಅಷ್ಟೇ ನಿಜವಾಗಿತ್ತು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದವು. ಆನ್‌ಲೈನ್ ಪಾಠ ಕೇಳೋಣವೆಂದರೆ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಆಗ ಗ್ರಾಮೀಣಾಭಿವೃದ್ಧಿ ಇಲಾಖೆ 2020ರ ನವೆಂಬರ್ 14ರಂದು 'ಓದುವ ಬೆಳಕು' ಆರಂಭಿಸಿ, 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವವನ್ನು ಉಚಿತ ಮಾಡಿತು. ಅದರ ಹಿಂದಿನ ವರ್ಷವಷ್ಟೇ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮೀಣ ಗ್ರಂಥಾಲಯಗಳು ಈ ಇಲಾಖೆಗೆ ಬಂದಿದ್ದವು. ಈಗ ಅವುಗಳ ಹೆಸರು ಅರಿವು ಕೇಂದ್ರ. ಹೆಸರು ಬದಲಾದಷ್ಟು ಬೇಗ ಬಾಗಿಲು ತೆರೆಯುವ ಹೊತ್ತು, ಒಳಗಿನ ಬೆಂಚು, ಹೊಸ ಪುಸ್ತಕ ಬದಲಾಗುವುದಿಲ್ಲ. ಮೇಲ್ವಿಚಾರಕರು ಆಗ ಗೌರವಧನದಲ್ಲೇ ದುಡಿಯುತ್ತಿದ್ದವರು. ಆದರೂ ಶಾಲೆಯಿಲ್ಲದ ಆ ತಿಂಗಳುಗಳಲ್ಲಿ ಹುಡುಗಿಯೊಬ್ಬಳು ಕಥೆಪುಸ್ತಕ ಹಿಡಿದು ಮನೆಗೆ ಹೋಗಲು ಸಾಧ್ಯವಾಗಿದ್ದರೆ ಅದು ಇವರಿಂದ.

ಇಂದು ಶಾಸ್ತ್ರದಾನ ಮಾಡಲು ಅತ್ತಿಮಬ್ಬೆಯೇ ಆಗಬೇಕಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ, ತಮಗೇ ಗೊತ್ತಿಲ್ಲದೆ, ಆ ಸಾಲಿಗೆ ಸೇರಿದ್ದಾರೆ. ಪಂಚಾಯಿತಿ ಕೊಡುವ ರಸೀದಿಯನ್ನು ಒಮ್ಮೆ ಬಿಡಿಸಿ ನೋಡಿ: ಆರೋಗ್ಯ ಕರ, ಶಿಕ್ಷಣ ಕರಗಳ ಜೊತೆಗೆ ಗ್ರಂಥಾಲಯ ಕರ ಎಂಬ ಸಾಲು ಇರುತ್ತದೆ, ರೂಪಾಯಿ ತೆರಿಗೆಗೆ 6 ಪೈಸೆ. ಅದು ಪುಸ್ತಕವಾಗಿ ಊರಿಗೆ ಹಿಂತಿರುಗಿತೇ ಎಂದು ಮಲೆಯೂರಿನವರಾಗಲಿ, ಗುಂಡ್ಲುಪೇಟೆ ಕಡೆಯವರಾಗಲಿ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಲಿ. ಮನೆಯ ಬೀರುವಿನಲ್ಲಿ ಓದಿ ಮುಗಿದ ಪುಸ್ತಕಗಳಿದ್ದರೆ ಅರಿವು ಕೇಂದ್ರಕ್ಕೆ ಕೊಟ್ಟು ಬನ್ನಿ. ಹೋಗುವಾಗ ಮನೆಯ ಮಗುವನ್ನೂ ಕರೆದೊಯ್ದು ಹೆಸರು ಬರೆಸಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ.