ಬಾಲ್ಯದ ನೋವೂ ಹಿರಿಯರ ಗೌರವವೂ

ಹೆತ್ತವರ ದೋಷವನ್ನು ಮಕ್ಕಳು ಬಾಯಿಬಿಟ್ಟು ಹೇಳುವುದು ಧರ್ಮವೆ? ಮಾತಾಪಿತೃಗಳನ್ನು ದೇವರೆಂದು ಭಾವಿಸುವ ಮನೆಗಳಲ್ಲಿ ಈ ಪ್ರಶ್ನೆಯೇ ಅವಿಧೇಯತೆಯಂತೆ ತೋರುವುದು ಸಹಜ. ಆದರೆ ಮನೋವ್ಯಾಧಿಯ ಚಿಕಿತ್ಸೆಯಲ್ಲಿ ಈ ಪ್ರಶ್ನೆ ಎದುರಾಗದೆ ಇರದು.

ಎಳವೆಯಲ್ಲಿ ಹೊಡೆತ, ನಿಂದೆ, ಅನಾದರ, ಮನೆಯೊಳಗಿನ ಕುಡಿತ ಕಲಹಗಳನ್ನು ಕಂಡುಂಡವರಲ್ಲಿ ಕೆಲವರಿಗೆ ಮುಂದೆ ವರ್ಷಗಟ್ಟಲೆ ಬಿಡದ ಖಿನ್ನತೆ ಅಂಟಿಕೊಳ್ಳುವುದುಂಟು. ಅಮೆರಿಕೆಯಲ್ಲಿ ಫೆಲಿಟ್ಟಿ, ಆಂಡಾ ಮೊದಲಾದ ವೈದ್ಯರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಕಷ್ಟಗಳ ಬಗೆಗಳು ಹೆಚ್ಚಿದಷ್ಟೂ ಖಿನ್ನತೆಯ ಸಂಭವವೂ ಹೆಚ್ಚುವುದು ಕಂಡುಬಂದಿತು. ಸದಾ ಭಯದಲ್ಲಿ ಎಚ್ಚತ್ತಿರುವುದನ್ನು ಕಲಿತ ದೇಹಮನಸ್ಸುಗಳು, ಭಯದ ಕಾರಣ ತೀರಿದ ಮೇಲೂ ಆ ಅಭ್ಯಾಸವನ್ನು ಸುಲಭವಾಗಿ ಬಿಡವು. ಹಾಗೆಂದು ಕಷ್ಟಪಟ್ಟ ಮಕ್ಕಳೆಲ್ಲರೂ ರೋಗಿಗಳಾಗುವರೆಂದಲ್ಲ.

ಇದನ್ನು ಕೇಳಿ ‘ಎಲ್ಲ ಹಣೆಬರಹ’ ಎನ್ನುವವರುಂಟು. ಆ ಮಾತು ಸಲ್ಲದು. ದೀರ್ಘ ಖಿನ್ನತೆಯ 681 ರೋಗಿಗಳ ಚಿಕಿತ್ಸೆಯನ್ನು ಕುರಿತು ನೆಮೆರಾಫ್ ಮತ್ತು ಅವರ ಸಂಗಡಿಗರು 2003ರಲ್ಲಿ ಬರೆದ ಲೇಖನದಂತೆ, ಬಾಲ್ಯದಲ್ಲಿ ನೊಂದವರಿಗೆ ಬರಿಯ ಔಷಧಕ್ಕಿಂತ ಬರಿಯ ಮಾತಿನ ಚಿಕಿತ್ಸೆಯೇ ಹೆಚ್ಚು ಫಲ ಕೊಟ್ಟಿತು. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿದ 2022ರ ವಿಮರ್ಶೆಯೊಂದು, ಇಂಥವರ ವ್ಯಾಧಿ ಮೊದಲಲ್ಲಿ ತೀವ್ರತರವಾಗಿದ್ದರೂ, ಔಷಧದಿಂದಾಗಲಿ ಮಾತಿನಿಂದಾಗಲಿ ಅವರಿಗಾಗುವ ಉಪಶಮನ ಇತರರಿಗಿಂತ ಕಡಿಮೆಯಲ್ಲವೆಂದು ತಿಳಿಸಿತು. ಆದುದರಿಂದ ನಿರಾಶೆಗೆ ಆಧಾರವಿಲ್ಲ.

ಆದರೆ ಮಾತಿನ ಚಿಕಿತ್ಸೆಗೆ ಮಾತು ಬೇಕು. ನಮ್ಮಲ್ಲಿ ತೊಡಕಿರುವುದು ಇಲ್ಲಿಯೇ. ರಾಜಾಜಿನಗರ, ಕೆಂಗೇರಿಗಳವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ತಲುಪಲಾಗದಷ್ಟು ದೂರವೇನಲ್ಲ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆದರೂ ಸುಶಿಕ್ಷಿತ ಮನೆಯ ಮಗಳೊಬ್ಬಳು ವೈದ್ಯರ ಮುಂದೆ ‘ಅಪ್ಪ ಹೊಡೆಯುತ್ತಿದ್ದರು’ ಎನ್ನಲು ಹಿಂಜರಿದರೆ ಆಶ್ಚರ್ಯವಿಲ್ಲ. ಮನೆಯ ಮಾನ ಹೋದೀತೆಂಬ ಅಳುಕು ಅವಳ ನಾಲಗೆಯನ್ನು ಹಿಡಿಯುತ್ತದೆ.

ಇಲ್ಲಿ ಪ್ರಹ್ಲಾದನ ಕಥೆಯನ್ನು ನೆನೆಯುವುದು ಉಚಿತ. ತಂದೆಯಿಂದ ಅಷ್ಟು ಹಿಂಸೆಗೊಳಗಾದ ಆ ಬಾಲಕ ಅದನ್ನು ಸರಿಯೆಂದು ಒಪ್ಪಲಿಲ್ಲ. ನಮ್ಮ ಪುರಾಣ ಅವನನ್ನು ಪಿತೃದ್ರೋಹಿಯೆಂದು ಕರೆಯಲೂ ಇಲ್ಲ. ಕಡೆಯಲ್ಲಿ ತಂದೆಯ ಸದ್ಗತಿಗಾಗಿ ವರ ಬೇಡಿದವನೂ ಅವನೇ. ನಡೆದುದನ್ನು ನಡೆದಂತೆ ಹೇಳುವುದೂ ಹಿರಿಯರ ಹಿತವನ್ನು ಬಯಸುವುದೂ ಒಂದೇ ಹೃದಯದಲ್ಲಿ ಇರಬಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಆದರೆ ‘ಮೊದಲು ಕ್ಷಮಿಸು, ಆಮೇಲೆ ವಾಸಿಯಾಗು’ ಎಂದು ನೊಂದವರನ್ನು ಒತ್ತಾಯಿಸುವುದು ನ್ಯಾಯವಲ್ಲ. ಕ್ಷಮೆ ಗಾಯ ಮಾಗಿದ ಮೇಲೆ ತಾನಾಗಿ ಬರಬೇಕಾದದ್ದು; ಬಾರದಿದ್ದರೂ ಅದು ಅಪರಾಧವಲ್ಲ. ಹಿರಿಯರ ಕರ್ತವ್ಯ ಇನ್ನೊಂದುಂಟು. ಬೆಳೆದ ಮಕ್ಕಳು ಹಳೆಯ ನೋವನ್ನು ಹೇಳಿದಾಗ ವಾದಕ್ಕೆ ನಿಲ್ಲದೆ, ಪೂರ್ತಿಯಾಗಿ ಕೇಳತಕ್ಕದ್ದು. ಗೌರವಕ್ಕೆ ಅರ್ಹರಾದ ಹಿರಿಯರಿಗೆ ಇಷ್ಟು ಅಸಾಧ್ಯವಾಗಲಾರದು.