ಟ್ಯಾಬು ಮತ್ತು ಬೇಡರ ಪದ್ಯ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಕ್ಷಗಾನದ ಪದ್ಯ ಹೇಳಿ ಹೊಟ್ಟೆ ಹೊರೆಯುವ ನನ್ನಂಥವರಿಗೆ ದೀಪಾವಳಿ ಹತ್ತಿರ ಬಂತೆಂದರೆ ಒಂದು ಪ್ರಶ್ನೆ ಗ್ಯಾರಂಟಿ. ‘ಭಾಗವತ್ರೇ, ಪ್ರಸಂಗ ನೋಡ್ಕಂಡು ಹೇಳಕ್ಕೆ ಯಾವ ಟ್ಯಾಬ್ ತಗಳದು?’ ಕೇಳುವವರು ಹೆಚ್ಚಾಗಿ ಹೊಸ ಹುಡುಗರು. ಉತ್ತರ ಸುಲಭ, ಮೊದಲು ಅದನ್ನೇ ಹೇಳಿಬಿಡುತ್ತೇನೆ. ಕಷ್ಟದ ಮಾತು ಆಮೇಲಿದೆ.

ಪಾಶ್ಚಾತ್ಯ ಸಂಗೀತದವರಿಗೆ ದೊಡ್ಡ ಪರದೆ ಬೇಕು, 13 ಇಂಚಿನದ್ದು, ಹೆಚ್ಚುಕಡಿಮೆ ಎ4 ಹಾಳೆಯಷ್ಟು. ಅವರ ಸ್ವರಲಿಪಿ ಪುಟದ ತುಂಬ ಇರುತ್ತದೆ. ನುಡಿಸುವಾಗ ಎರಡೂ ಕೈ ಖಾಲಿ ಇರುವುದಿಲ್ಲ, ಆದ್ದರಿಂದ ಪುಟ ಮಗುಚಲು ಕಾಲಲ್ಲಿ ಒತ್ತುವ ಪೆಡಲ್ ಇಟ್ಟುಕೊಳ್ಳುತ್ತಾರೆ. ಬೆಲ್ಜಿಯಂನ ಬ್ರಸೆಲ್ಸ್ ಫಿಲ್ಹಾರ್ಮೋನಿಕ್ 2012ರಲ್ಲೇ ಕಾಗದ ಬದಿಗಿಟ್ಟು ಟ್ಯಾಬ್ ಹಿಡಿದು ನೋಡಿತ್ತು. ನಮ್ಮ ಕಥೆ ಬೇರೆ. ಪ್ರಸಂಗದಲ್ಲಿ ಸ್ವರ ಇರುವುದಿಲ್ಲ. ಮೇಲೆ ರಾಗ, ತಾಳದ ಹೆಸರು, ಕೆಳಗೆ ನಾಲ್ಕಾರು ಸಾಲು ಸಾಹಿತ್ಯ, ಅಷ್ಟೇ. ನಮ್ಮ ಕೈಯಲ್ಲೂ ತಾಳ ಇರುತ್ತದೆ ನಿಜ, ಆದರೆ ಪದ್ಯ ಮುಗಿದ ಮೇಲೆ ವೇಷದವರು ಮಾತಿಗಿಳಿಯುತ್ತಾರೆ, ಆಗ ಪುಟ ಮಗುಚಲು ಬೇಕಾದಷ್ಟು ಹೊತ್ತಿದೆ. ಕಾಲು ಮಡಚಿ ಕೂತವನಿಗೆ ಪೆಡಲ್ ಎಂತಕ್ಕೆ? ಹತ್ತು ಹನ್ನೊಂದು ಇಂಚಿನ ಪರದೆ ಧಾರಾಳ. ಕಪ್ಪು ಹಿನ್ನೆಲೆಗೆ ಬಿಳಿ ಅಕ್ಷರ ಮಾಡಿಕೊಳ್ಳಿ. ಇಲ್ಲದಿದ್ದರೆ ಕೆಳಗಿನಿಂದ ಬೆಳಕು ಬಿದ್ದ ಭಾಗವತನ ಮುಖವನ್ನು ಜನ ಇನ್ನೊಂದು ರಾಕ್ಷಸ ವೇಷ ಅಂದುಕೊಂಡಾರು. ಫೋನು, ಮೆಸೇಜು ಎಲ್ಲ ಬಂದ್ ಮಾಡಿ. ನವೆಂಬರಿನಲ್ಲಿ ಹುಳ ಬಂದು ಪರದೆಗೇ ಮುತ್ತುತ್ತವೆ. ಡಿಸೆಂಬರಿನ ರಾತ್ರಿ ಮೂರು ಗಂಟೆಗೆ ನಮ್ಮ ಮಲೆನಾಡಿನ ಇಬ್ಬನಿ ಬಿದ್ದರೆ ಒದ್ದೆಯಾದ ಗಾಜು ಬೆರಳಿನ ಮಾತು ಕೇಳುವುದಿಲ್ಲ, ತಾನೇ ಪುಟ ಹಾರಿಸುತ್ತದೆ. ಒಂದು ಒಣ ಬಟ್ಟೆ, ಚೀಲದಲ್ಲಿ ಒಂದು ಕಾಗದದ ಪ್ರತಿ ಇರಲಿ. ಇ-ಇಂಕ್ ಪರದೆ ಕಣ್ಣಿಗೆ ಹಿತ, ಚಾರ್ಜೂ ಬಹಳ ದಿನ ಬರುತ್ತದೆ, ಆದರೆ ಪುಟ ತಿರುಗುವುದು ನಿಧಾನ.

ಈಗ ಕಷ್ಟದ್ದು. ‘ಕಂಠಪಾಠ ಇಲ್ಲದವ ಭಾಗವತನೇ ಅಲ್ಲ’ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇಕ್ಕೇರಿಯ ಅಘೋರೇಶ್ವರನ ಗುಡಿಯಿಂದ ಕೆಳದಿ ದೂರವಲ್ಲ. ಅಲ್ಲಿನ ವಸ್ತುಸಂಗ್ರಹಾಲಯದ ತಾಳೆಗರಿ ಕಟ್ಟುಗಳನ್ನು ನೋಡಿ ಬನ್ನಿ. ನಮ್ಮ ಹಿಂದಿನವರೂ ಬರೆದಿಟ್ಟುಕೊಂಡೇ ಬದುಕಿದವರು. ಉಡುಪಿಯ ಪಾವಂಜೆ ಗುರುರಾಯರು ಪ್ರಸಂಗಗಳನ್ನು ಅಚ್ಚು ಹಾಕಿ ಮಾರಿದರು, ಆ ಪುಸ್ತಕವನ್ನು ಎದುರಿಗಿಟ್ಟುಕೊಂಡೇ ದೊಡ್ಡದೊಡ್ಡವರು ಪದ್ಯ ಹೇಳಿದರು. ಕಾಗದ ನೋಡಿದರೆ ಪರಂಪರೆ, ಗಾಜು ನೋಡಿದರೆ ಪಾಪ ಅನ್ನುವುದು ಯಾವ ನ್ಯಾಯ? ಯಕ್ಷವಾಹಿನಿಯಂಥ ಬಳಗ ಅಟ್ಟದ ಮೇಲೆ ಗೆದ್ದಲಿಗೆ ಹೋಗಬೇಕಿದ್ದ ಪ್ರಸಂಗಗಳನ್ನು ಎಲ್ಲರ ಕೈಗೆ ಸಿಗುವ ಹಾಗೆ ಮಾಡಿದೆ. ಮೊದಲಾದರೆ ಒಂದು ಪ್ರತಿಗಾಗಿ ಹಿರಿಯರ ಮನೆಗೆ ಅಲೆಯಬೇಕಿತ್ತು. ಕೊಟ್ಟರೆ ಕೊಟ್ಟರು, ಇಲ್ಲವಾದರೆ ಇಲ್ಲ. ಯಾರ ಮಗ, ಯಾವ ಜಾತಿ ಎಂಬುದೆಲ್ಲ ಅದರೊಳಗೆ ಇತ್ತು. ಆ ಕಾಲ ಹೋದದ್ದಕ್ಕೆ ನಾನು ಅಳುವವನಲ್ಲ.

ಆದರೆ ಪ್ರತಿ ಕೊಟ್ಟವರು ಎದುರಿಗೆ ಕೂರಿಸಿ ನಕಲು ಮಾಡಿಸುತ್ತಿದ್ದರು. ಬರೆಯುವಾಗ, ‘ಈ ಪದ್ಯ ಬಿಟ್ರೆ ಅಡ್ಡಿಲ್ಲೆ, ಅದನ್ನ ಮಾತ್ರ ಬಿಡಡ, ಅವಂಗೆ ಬೇರೆ ಪದ್ಯ ಇಲ್ಲೆ’ ಎನ್ನುತ್ತಿದ್ದರು. ಇದಕ್ಕೆ ನಾವು ಪ್ರಸಂಗದ ನಡೆ ಎನ್ನುತ್ತೇವೆ. ಪಿಡಿಎಫ್‌ನಲ್ಲಿ ಪದ್ಯ ಇದೆ, ನಡೆ ಇಲ್ಲ.

ಇದು ನೋವಾಗುವುದು ಕಾಲಮಿತಿಯ ಆಟದಲ್ಲಿ. ಬೆಳಗಿನವರೆಗೆ ನಡೆಯುತ್ತಿದ್ದ ಆಟ ಈಗ ಮೂರು ನಾಲ್ಕು ತಾಸಿಗೆ ಮುಗಿಯಬೇಕು. ಹಾಗಾಗಿ ಪದ್ಯ ಬಿಡಲೇಬೇಕು. ಗದಾಪರ್ವವನ್ನೇ ತಗೊಳ್ಳಿ. ಕೌರವ ಕೊಳದಲ್ಲಿ ಅಡಗಿದ ಸುದ್ದಿಯನ್ನು ಭೀಮನಿಗೆ ಮುಟ್ಟಿಸುವವರು ಬೇಡರು. ಅವರನ್ನು ಹಾರಿಸಿದರೆ ಕಥೆಗೆ ದೊಡ್ಡ ಊನ ಬರುವುದಿಲ್ಲ, ಭೀಮ ಹೇಗೋ ತಿಳಿದುಕೊಂಡ ಅಂತ ಜನ ಸುಧಾರಿಸಿಕೊಳ್ಳುತ್ತಾರೆ. ಆದರೆ ಚೌಕಿಯಲ್ಲಿ ಒಬ್ಬ ಹುಡುಗ ಸಂಜೆಯಿಂದ ಮುಖಕ್ಕೆ ಬಣ್ಣ ಹಚ್ಚಿ ಕೂತಿದ್ದಾನೆ. ಅವನ ಅಪ್ಪ-ಅಮ್ಮ ಹೊಸನಗರದಿಂದ ಬೈಕಿನಲ್ಲಿ ಬಂದು ಮುಂದಿನ ಸಾಲಿನಲ್ಲಿದ್ದಾರೆ. ಪರದೆಯ ಮೇಲೆ ಪದ್ಯಗಳ ಪಟ್ಟಿ, ಒಂದು ಒತ್ತು, ನೇರ ಭೀಮನಿಗೆ. ಭಾಗವತನಿಗೆ ಅಲ್ಲಿ ಯಾರನ್ನೋ ದಾಟಿದೆ ಅಂತಲೂ ಅನ್ನಿಸುವುದಿಲ್ಲ.

ನಮ್ಮ ಮದ್ದಳೆಯವರು ಇದನ್ನು ಒಪ್ಪುವುದಿಲ್ಲ. ‘ಎಂತ ಮಾರಾಯ, ಪುಸ್ತಕ ಹಿಡಿದವ್ರು ಬಿಟ್ಟಿದ್ವಿಲ್ಯ? ತಪ್ಪು ಯಂತ್ರದ್ದಾ?’ ಅವರ ಮಾತು ಸರಿ, ಬಿಟ್ಟವರಿದ್ದಾರೆ. ಆದರೆ ಪುಸ್ತಕದಲ್ಲಿ ಹಾರಬೇಕಾದರೂ ಆ ಪುಟದ ಮೇಲೆ ಬೆರಳು ಆಡಿಸಿಯೇ ಹಾರಬೇಕು. ಅಷ್ಟರಲ್ಲಿ ಚೌಕಿಯ ಹುಡುಗನ ನೆನಪಾಗುವ ಒಂದು ಕ್ಷಣ ಸಿಗುತ್ತದೆ. ಬಿಡುವುದೇ ಆದರೆ ಗೊತ್ತಿದ್ದು ಬಿಟ್ಟ ಹಾಗಾಗುತ್ತದೆ. ಭಾಗವತನನ್ನು ಮೊದಲ ವೇಷಧಾರಿ ಎನ್ನುವುದು ಸುಮ್ಮನೆ ಮರ್ಯಾದೆಗಲ್ಲ. ಇಡೀ ರಂಗದಲ್ಲಿ ಪಠ್ಯ ಎದುರಿಗಿರುವುದು ಅವನೊಬ್ಬನಿಗೆ. ಉಳಿದವರು ಅವನು ಪದ್ಯ ಎತ್ತಿದರೆ ಉಂಟು, ಎತ್ತದಿದ್ದರೆ ಇಲ್ಲ. ಯಾರದೋ ಒಂದು ರಾತ್ರಿ ಅವನ ಬೆರಳಿನ ತುದಿಯಲ್ಲಿದೆ. ಐನೂರು ಪ್ರಸಂಗ ಚೀಲದಲ್ಲಿದೆ ಎಂಬ ಧೈರ್ಯ ಆ ಹುಡುಗನ ಯಾವ ಉಪಯೋಗಕ್ಕೂ ಬರುವುದಿಲ್ಲ.

ಕಣ್ಣಿನ ಮಾತೂ ಇದೆ. ಬೆಳಗುವ ಪರದೆ ನೋಡಿ ತಲೆ ಎತ್ತಿದರೆ ಅರೆಗಳಿಗೆ ರಂಗ ಮಬ್ಬು. ಕುಣಿಯುತ್ತಿರುವವನಿಗೆ ದಮ್ಮು ಕಟ್ಟಿದೆಯೋ, ಇನ್ನೊಂದು ಆವರ್ತ ತಡೆಯುತ್ತಾನೋ ಎಂದು ಕಾಣಬೇಕಾದದ್ದು ಆ ಅರೆಗಳಿಗೆಯಲ್ಲೇ. ಅರವತ್ತು ದಾಟಿದ ಕಾಲಿಗೆ ನಿಮ್ಮ ಕಣ್ಣೇ ಊರುಗೋಲು. ಆದ್ದರಿಂದ ಪದ್ಯದ ಮೊದಲ ಸಾಲು ನೋಡಿದರೆ ಉಳಿದದ್ದು ಬರುವಷ್ಟಾದರೂ ಕಲಿತಿರಬೇಕು ಎನ್ನುತ್ತೇನೆ. ಅದು ಪಾಂಡಿತ್ಯಕ್ಕಲ್ಲ, ಎದುರಿಗಿನವನನ್ನು ನೋಡುವುದಕ್ಕೆ.

ಹಾಗಾಗಿ ಟ್ಯಾಬ್ ಕೇಳುವವರಿಗೆ ಈಗ ನಾನು ಇಂಚಿನ ಲೆಕ್ಕಕ್ಕಿಂತ ಮೊದಲು ಹೇಳುವುದು: ಪರದೆಯ ಮೇಲೆ ಬರೆಯುವ ಪೆನ್ನು ಇರುವಂಥದ್ದು ತಗಳಿ, ಸ್ವಲ್ಪ ದುಡ್ಡು ಜಾಸ್ತಿಯಾದರೂ ಅಡ್ಡಿಲ್ಲ. ಆಟ ಶುರುವಾಗುವ ಮುಂಚೆ ಅದನ್ನು ಹಿಡಿದು ಚೌಕಿಗೆ ಹೋಗಿ. ಯಾವ ಪದ್ಯಕ್ಕೆ ಇವತ್ತು ಯಾರು ಎಂದು ಕೇಳಿ, ಪದ್ಯದ ಪಕ್ಕ ಅವರ ಹೆಸರು ಬರೆದುಕೊಳ್ಳಿ. ಬೇಡರಿಂದಲೇ ಶುರು ಮಾಡಿ, ಕೌರವ-ಭೀಮರ ಹೆಸರು ಹೇಗೂ ಮರೆಯುವುದಿಲ್ಲ. ಮಾರನೇ ದಿನ ಬೇರೆ ಊರು, ಬೇರೆ ಹುಡುಗ. ಅಳಿಸಿ ಮತ್ತೆ ಬರೆಯಬೇಕು. ಹತ್ತು ನಿಮಿಷದ ಕೆಲಸ. ಹೋದವರಿಗೆ ಚೌಕಿಯಲ್ಲಿ ಒಂದು ಲೋಟ ಚಾ ಕೂಡ ಸಿಗುತ್ತದೆ.